ಮದುವೆಯಲ್ಲಿ ಗುಂಪು ಫೋಟೋ ತೆಗೆಯುವುದು ಹೇಗೆ: ಹೊಸಬರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ತುಮಕೂರು ಕಡೆ ಮದುವೆ ಸೀಸನ್ ಮುಗಿಯುತ್ತಿದ್ದಂತೆ ಒಂದೇ ಬಗೆಯ ಫೋಟೋಗಳು ನನ್ನ ಮುಂದೆ ಬರುತ್ತವೆ. ಚಿಕ್ಕಪ್ಪನ ಮಗನೋ ಗೆಳೆಯನೋ ಹೊಸ ಕ್ಯಾಮೆರಾ ಹಿಡಿದು ತೆಗೆದಿರುತ್ತಾರೆ. ಧಾರೆಯ ಫೋಟೋ ಚೆನ್ನಾಗಿರುತ್ತದೆ. ತಾಳಿ ಕಟ್ಟುವ ಫೋಟೋ ಕೂಡ ಪರವಾಗಿಲ್ಲ. ಮನೆಮಂದಿಯೆಲ್ಲ ಒಟ್ಟಿಗೆ ನಿಂತ ಫೋಟೋ ಮಾತ್ರ ಕೆಟ್ಟಿರುತ್ತದೆ. ಹಿಂದಿನ ಸಾಲು ಮಸುಕಾಗಿದೆ. ಇಬ್ಬರ ಕಣ್ಣು ಮುಚ್ಚಿದೆ. ಅಜ್ಜಿ ಯಾರದೋ ಭುಜದ ಹಿಂದೆ ಸಿಕ್ಕಿಕೊಂಡಿದ್ದಾರೆ. ಸೋದರಮಾವ ಫೋಟೋದಲ್ಲೇ ಇಲ್ಲ, ಊಟಕ್ಕೆ ಹೋಗಿದ್ದರಂತೆ.

ಇದರಲ್ಲಿ ಕ್ಯಾಮೆರಾದ ಪಾಲು ಕಡಿಮೆ. ಯಾರನ್ನು ಯಾವಾಗ ಕರೆಯಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಮೊದಲೇ ತೀರ್ಮಾನ ಆಗದಿದ್ದರೆ ಎಂಥ ಕ್ಯಾಮೆರಾ ಇದ್ದರೂ ಫೋಟೋ ಕೆಡುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸೆಟ್ಟಿಂಗ್ ವಿಷಯ ಆರನೇ ಹಂತದಲ್ಲಿದೆ. ನೇರವಾಗಿ ಅಲ್ಲಿಗೆ ಹಾರಬೇಡಿ.

## 1. ಒಂದು ವಾರ ಮುಂಚೆ: ಪಟ್ಟಿ ಬರೆಯಿರಿ, ಕರೆಯುವವರನ್ನು ಗೊತ್ತುಮಾಡಿ

ಮೊದಲು ಒಂದು ಮಾತು ಖಚಿತ ಮಾಡಿಕೊಳ್ಳಿ. ದುಡ್ಡು ಕೊಟ್ಟು ಸ್ಟುಡಿಯೋದವರನ್ನು ಕರೆಸಿದ್ದಾರಾ? ಕರೆಸಿದ್ದರೆ ಅವರ ಹತ್ತಿರ ಮುಂಚೆಯೇ ಮಾತಾಡಿ. ಅವರು ಜನರನ್ನು ನಿಲ್ಲಿಸಿದಾಗ ಪಕ್ಕದಿಂದ ನೀವೂ ಕ್ಲಿಕ್ ಮಾಡಿದರೆ ಜನರ ಕಣ್ಣು ಎರಡು ಕಡೆ ಹರಿದುಹೋಗುತ್ತದೆ, ಇಬ್ಬರ ಫೋಟೋವೂ ಹಾಳು. ಅವರದು ಮುಗಿದ ಮೇಲೆ ನಿಮಗೆ ಒಂದು ನಿಮಿಷ ಬಿಟ್ಟುಕೊಡಲು ಕೇಳಿ. ಕೇಳಿದರೆ ಹೆಚ್ಚಿನವರು ಇಲ್ಲ ಅನ್ನುವುದಿಲ್ಲ.

ಆಮೇಲೆ ವಧುವಿನ ಮನೆಯವರೊಬ್ಬರು, ವರನ ಮನೆಯವರೊಬ್ಬರ ಜೊತೆ ಕೂತು ಗುಂಪುಗಳ ಪಟ್ಟಿ ಬರೆಯಿರಿ. ಹೆಣ್ಣಿನ ಅಪ್ಪನ ಕಡೆಯವರು, ಅಮ್ಮನ ಕಡೆಯವರು, ಅಕ್ಕತಂಗಿ, ಅಣ್ಣತಮ್ಮ, ಹಾಗೇ ಗಂಡಿನ ಕಡೆ. ಕೊನೆಗೆ ಎರಡೂ ಕಡೆಯ ಬೀಗರು ಸೇರಿದ್ದು. ಹತ್ತು ಗುಂಪು ಸಾಕು. ಒಂದು ಗುಂಪಿಗೆ ಮೂರು ನಿಮಿಷ ಹಿಡಿದರೂ ಅರ್ಧ ಗಂಟೆ ಆಗುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತು ಯಾರೂ ನಿಲ್ಲುವುದಿಲ್ಲ. ಸ್ನೇಹಿತರ ಗುಂಪು, ಆಫೀಸಿನವರ ಗುಂಪು ಈ ಪಟ್ಟಿಗೆ ಬೇಡ. ಅವರನ್ನು ಊಟದ ನಂತರವೂ ತೆಗೆಯಬಹುದು.

ಪಟ್ಟಿಯಲ್ಲಿ "ಮಾವಂದಿರು" ಅಂತ ಬರೆದರೆ ಉಪಯೋಗವಿಲ್ಲ. ಹೆಸರು ಬರೆಯಿರಿ. ಬರೆಯುವಾಗಲೇ ಕಷ್ಟದ ವಿಷಯಗಳನ್ನೂ ಮೆಲ್ಲಗೆ ಕೇಳಿ. ಮಾತು ಬಿಟ್ಟ ಅಣ್ಣತಮ್ಮಂದಿರು ಇದ್ದಾರಾ? ಅವರನ್ನು ಪಕ್ಕಪಕ್ಕ ನಿಲ್ಲಿಸಬೇಡಿ. ಯಾರಿಗಾದರೂ ಮಂಡಿನೋವು, ಮೆಟ್ಟಿಲು ಹತ್ತಲು ಆಗುವುದಿಲ್ಲವಾ? ಅವರಿದ್ದಲ್ಲಿಗೇ ವಧೂವರರನ್ನು ಕರೆದುಕೊಂಡು ಹೋಗುವ ಏರ್ಪಾಡು ಮಾಡಿ.

ಪಟ್ಟಿಯಷ್ಟೇ ಮುಖ್ಯ, ಹೆಸರು ಕೂಗಿ ಕರೆಯುವವರು. ಎರಡೂ ಕಡೆಯಿಂದ ಒಬ್ಬೊಬ್ಬರು ಬೇಕು. ಎಲ್ಲರ ಮುಖ ಗೊತ್ತಿರಬೇಕು, ದನಿ ಗಟ್ಟಿ ಇರಬೇಕು, ಹಿರಿಯರನ್ನು ಕೈಹಿಡಿದು ಕರೆತರುವ ತಾಳ್ಮೆ ಇರಬೇಕು. ವಧುವಿನ ಅಪ್ಪನಿಗೆ ಈ ಕೆಲಸ ಒಪ್ಪಿಸಬೇಡಿ, ಅವರಿಗೆ ಆ ದಿನ ನೂರು ಕೆಲಸ. ಅತ್ತೆಯೋ ದೊಡ್ಡ ಭಾವನೋ ಸರಿಯಾದವರು. ಫೋಟೋ ತೆಗೆಯುವವರೇ ಜನ ಹುಡುಕಲು ಹೊರಟರೆ ನಿಂತ ಗುಂಪು ಚದುರಿಹೋಗುತ್ತದೆ.

## 2. ಸಮಯ ಗೊತ್ತುಮಾಡಿ: ಪಂಕ್ತಿಗೆ ಮುಂಚೆ

ನಮ್ಮ ಕಡೆ ಸಾಮಾನ್ಯವಾಗಿ ಹಿಂದಿನ ದಿನ ಸಂಜೆ ಆರತಕ್ಷತೆ, ಮರುದಿನ ಬೆಳಿಗ್ಗೆ ಮುಹೂರ್ತ. ಹೊಸಬರು ಆರತಕ್ಷತೆಯ ನಡುವೆ ಗುಂಪು ಫೋಟೋ ತೆಗೆಯಲು ನೋಡುತ್ತಾರೆ. ಅದು ಆಗದ ಕೆಲಸ. ಮುಯ್ಯಿ ಕೊಡುವವರ ಸಾಲು ವೇದಿಕೆಯಿಂದ ಬಾಗಿಲವರೆಗೆ ನಿಂತಿರುತ್ತದೆ. ಅದನ್ನು ತಡೆದು ಇಪ್ಪತ್ತು ಜನರನ್ನು ಜೋಡಿಸಲು ಯಾರೂ ಬಿಡುವುದಿಲ್ಲ.

ಎರಡು ಹೊತ್ತು ಚೆನ್ನಾಗಿ ಒದಗುತ್ತವೆ. ಒಂದು, ಆರತಕ್ಷತೆ ಶುರುವಾಗುವ ಮುಂಚಿನ ಅರ್ಧ ಗಂಟೆ. ಆಗ ಹತ್ತಿರದವರೆಲ್ಲ ರೆಡಿಯಾಗಿರುತ್ತಾರೆ, ಸೀರೆ ಮಾಸಿರುವುದಿಲ್ಲ, ಮುಖದಲ್ಲಿ ಸುಸ್ತು ಇರುವುದಿಲ್ಲ. ಇನ್ನೊಂದು, ಧಾರೆ ಮುಗಿದು ಅಕ್ಷತೆ ಬಿದ್ದ ಮೇಲೆ, ಶಾಸ್ತ್ರಗಳ ನಡುವೆ ಸಿಗುವ ಬಿಡುವು. ಈ ಬಿಡುವು ಎಲ್ಲಿ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಅನ್ನುವುದು ಪುರೋಹಿತರಿಗೆ ಮಾತ್ರ ಗೊತ್ತು. ಹಿಂದಿನ ದಿನವೇ ಅವರನ್ನು ಕೇಳಿ. ವಧು ಯಾವ ಪಕ್ಕ ನಿಲ್ಲಬೇಕು ಅಂತಲೂ ಆಗಲೇ ಕೇಳಿಬಿಡಿ. ಧಾರೆಗೆ ಮುಂಚೆ, ನಂತರ ಅದು ಬದಲಾಗಬಹುದು. ಆಲ್ಬಂ ಬಂದ ಮೇಲೆ ಹಿರಿಯರು ಎತ್ತುವ ಮೊದಲ ತಕರಾರೇ ಇದು.

ಮೊದಲನೇ ಪಂಕ್ತಿಗೆ ಎಲೆ ಹಾಕಿದ ಸುದ್ದಿ ಬಂದರೆ ನಿಮ್ಮ ಸಮಯ ಮುಗಿಯಿತು ಅಂತ ತಿಳಿಯಿರಿ. ಅದಕ್ಕೇ ಊಟ ನೋಡಿಕೊಳ್ಳುವವರಿಗೂ ಒಂದು ಮಾತು ಹೇಳಿಡಿ: "ಮನೆಯವರ ಫೋಟೋ ಮುಗಿದ ಮೇಲೆ ಅವರನ್ನು ಊಟಕ್ಕೆ ಎಬ್ಬಿಸಿ."

## 3. ಚೀಲದಲ್ಲಿ ಏನಿರಬೇಕು

ಕ್ಯಾಮೆರಾ, ಅದರ ಜೊತೆ ಬಂದ 18-55 ಎಂಎಂ ಲೆನ್ಸ್, ಒಂದು ಫ್ಲ್ಯಾಶ್, ಅದಕ್ಕೆ ಸ್ಟ್ಯಾಂಡ್, ಬಿಳಿ ಕೊಡೆ, ದೂರದಿಂದ ಉರಿಸಲು ವಯರ್ ಅಥವಾ ಟ್ರಿಗರ್, ಗಟ್ಟಿಯಾದ ಟ್ರೈಪಾಡ್. ಇಷ್ಟರಲ್ಲಿ ಕೆಲಸ ಆಗುತ್ತದೆ. ಹೊಸ ಲೆನ್ಸ್ ಬಾಡಿಗೆಗೆ ತರುವ ದುಡ್ಡಿದ್ದರೆ ಅದರಲ್ಲಿ ಎರಡನೇ ಬ್ಯಾಟರಿ, ಎರಡನೇ ಕಾರ್ಡ್ ತನ್ನಿ. ಫ್ಲ್ಯಾಶಿಗೆ ಎಂಟು ಎಎ ರೀಚಾರ್ಜಬಲ್ ಸೆಲ್ ಇರಲಿ, ನಾಲ್ಕು ಒಳಗೆ, ನಾಲ್ಕು ಜೇಬಿನಲ್ಲಿ.

ಇವುಗಳ ಜೊತೆ ಯಾರೂ ಹೇಳದ ಕೆಲವು ಸಣ್ಣ ಸಾಮಾನು: ಕಬ್ಬಿಣದ ಸ್ಟೂಲ್ ಅಥವಾ ಚಿಕ್ಕ ಏಣಿ, ಟಿಶ್ಯೂ ಪೇಪರ್, ಸೇಫ್ಟಿ ಪಿನ್ನು, ಬಾಚಣಿಗೆ, ನೆಲಕ್ಕೆ ಅಂಟಿಸಲು ಟೇಪು. ಪ್ಲಾಸ್ಟಿಕ್ ಕುರ್ಚಿ ಮೇಲೆ ಹತ್ತಿ ನಿಲ್ಲಬೇಡಿ. ಅದರ ಕಾಲು ಮುರಿದರೆ ಬೀಳುವವರು ನೀವೊಬ್ಬರೇ ಆಗಿರುವುದಿಲ್ಲ, ಮುಂದೆ ಕೂತ ಮಗುವಿನ ಮೇಲೆ ಕ್ಯಾಮೆರಾ ಕೂಡ ಬೀಳಬಹುದು.

ಕಾರ್ಡನ್ನು ಹಿಂದಿನ ರಾತ್ರಿ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಹಳೆಯ ಫೋಟೋ ಇದ್ದರೆ ಮೊದಲು ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ.

## 4. ಜಾಗ ಆರಿಸಿ: ಛತ್ರಕ್ಕೆ ಹಿಂದಿನ ದಿನವೇ ಹೋಗಿ

ಎಷ್ಟು ಜಾಗ ಬೇಕು ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ. ಸ್ವಲ್ಪ ಓರೆಯಾಗಿ ನಿಂತ ಒಬ್ಬರಿಗೆ ಒಂದೂವರೆ ಅಡಿ ಅಗಲ ಬೇಕು. ಹತ್ತು ಜನರ ಸಾಲಿಗೆ ಹದಿನೈದು ಅಡಿ. ಎರಡೂ ಪಕ್ಕ ಸ್ವಲ್ಪ ಖಾಲಿ ಬಿಟ್ಟರೆ ಹದಿನೆಂಟು. ಸಾಮಾನ್ಯ ಕ್ರಾಪ್ ಸೆನ್ಸರ್ (ಫೋಟೋ ಹಿಡಿಯುವ ಸೆನ್ಸರ್ ಚಿಕ್ಕದಿರುವ) ಕ್ಯಾಮೆರಾದಲ್ಲಿ ಲೆನ್ಸನ್ನು 35 ಎಂಎಂಗೆ ಇಟ್ಟರೆ ಇಷ್ಟು ಅಗಲ ಹಿಡಿಯಲು ಸುಮಾರು 27 ಅಡಿ ಹಿಂದೆ ನಿಲ್ಲಬೇಕು. 24 ಎಂಎಂಗೆ ಇಟ್ಟರೆ 18 ಅಡಿ ಸಾಕು. ಅಂದರೆ ವೇದಿಕೆಯ ಎದುರಿನ ಕುರ್ಚಿ ಸಾಲುಗಳನ್ನು ಸರಿಸಲೇಬೇಕು. ಛತ್ರದ ಮ್ಯಾನೇಜರಿಗೆ ಹಿಂದಿನ ದಿನವೇ ಹೇಳಿ, ಎಲ್ಲಿಯವರೆಗೆ ಖಾಲಿ ಬೇಕು ಅಂತ ನೆಲಕ್ಕೆ ಟೇಪು ಅಂಟಿಸಿ ತೋರಿಸಿ.

ಜಾಗ ಸಾಲದು ಅಂತ ಲೆನ್ಸನ್ನು 18ಕ್ಕೆ ತಿರುಗಿಸುವುದು ಎಲ್ಲರೂ ಮಾಡುವ ತಪ್ಪು. ಅಂಚಿನಲ್ಲಿ ನಿಂತವರ ಮುಖ, ತೋಳು ಪಕ್ಕಕ್ಕೆ ಎಳೆದಂತೆ ಅಗಲವಾಗುತ್ತವೆ. ಅಂಚಿನಲ್ಲಿ ನಿಲ್ಲುವವರು ಬಹುಪಾಲು ಚಿಕ್ಕಮ್ಮ, ದೊಡ್ಡಮ್ಮಂದಿರು. ಅವರಿಗೆ ಆ ಫೋಟೋ ಎಂದೂ ಇಷ್ಟ ಆಗುವುದಿಲ್ಲ. ಅಗಲ ಸಾಲದಿದ್ದರೆ ಸಾಲು ಹೆಚ್ಚಿಸಿ, ಹತ್ತರ ಎರಡು ಸಾಲಿನ ಬದಲು ಏಳರ ಮೂರು ಸಾಲು ಮಾಡಿ.

ವೇದಿಕೆ ಮೂರು ಅಡಿ ಎತ್ತರ ಇರುತ್ತದೆ. ಕೆಳಗೆ ನೆಲದಲ್ಲಿ ನಿಂತು ತೆಗೆದರೆ ಗಲ್ಲ, ಮೂಗಿನ ಹೊಳ್ಳೆ ಮೊದಲು ಕಾಣುತ್ತವೆ, ಹಿಂದಿನ ಸಾಲು ಮುಂದಿನವರ ತಲೆ ಹಿಂದೆ ಮುಳುಗುತ್ತದೆ. ಸ್ಟೂಲ್ ಹತ್ತಿ, ನಿಂತವರ ಕಣ್ಣಿನ ಮಟ್ಟಕ್ಕೆ ಅಥವಾ ಅದಕ್ಕಿಂತ ಒಂದು ಗೇಣು ಮೇಲಕ್ಕೆ ಕ್ಯಾಮೆರಾ ಬರುವಂತೆ ನಿಲ್ಲಿ.

ವೇದಿಕೆಯ ಹಿಂದೆ ಏನಿದೆ ನೋಡಿ. ಹೊಳೆಯುವ ಗ್ರಾನೈಟ್ ಗೋಡೆ, ಗಾಜು ಇದ್ದರೆ ಫ್ಲ್ಯಾಶ್ ಅದರಲ್ಲಿ ಬಿಳಿ ಮಚ್ಚೆಯಾಗಿ ಕಾಣುತ್ತದೆ. ಅಂಥ ಕಡೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಸ್ವಲ್ಪ ಓರೆಯಿಂದ ತೆಗೆಯಿರಿ.

ಹೊರಗೆ ತೆಗೆಯುವುದಾದರೆ ಬೇರೆ ಎಚ್ಚರ ಬೇಕು. ತಿಪಟೂರು, ಗುಬ್ಬಿ ಕಡೆ ತೋಟದ ಮನೆಯಲ್ಲಿ ಮದುವೆ ಆದರೆ ಎಲ್ಲರೂ ತೆಂಗಿನ ಮರದ ಕೆಳಗೆ ನಿಲ್ಲೋಣ ಅನ್ನುತ್ತಾರೆ. ತೆಂಗಿನ ನೆರಳು ಫೋಟೋಗೆ ಒಳ್ಳೆಯದಲ್ಲ. ಗರಿಗಳ ಸಂದಿಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬಿದ್ದು ಒಬ್ಬರ ಕೆನ್ನೆ ಬೆಳ್ಳಗೆ, ಇನ್ನೊಬ್ಬರ ಹಣೆ ಕಪ್ಪಗೆ ಆಗುತ್ತದೆ. ಹೊಂಗೆ ಮರದ ದಟ್ಟ ನೆರಳು ಹುಡುಕಿ. ಅದೂ ಸಿಗದಿದ್ದರೆ ಮನೆಯ ನೆರಳು ಬೀಳುವ ಗೋಡೆಬದಿ ಸಾಕು. ಶಾಮಿಯಾನದ ಕೆಳಗೆ ಬಟ್ಟೆಯ ಕೆಂಪು, ಹಳದಿ ಬಣ್ಣ ಮುಖದ ಮೇಲೆ ಇಳಿಯುತ್ತದೆ. ಬಿಳಿ ಬಟ್ಟೆ ಹಾಕಿಸಲು ಮೊದಲೇ ಹೇಳಿ, ಇಲ್ಲವೇ ಅಲ್ಲಿಂದ ಹೊರಗೆ ಬನ್ನಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಏಪ್ರಿಲ್ ಕೊನೆಯ ವಾರ, ಅಂದರೆ ಮದುವೆಗಳ ಭರಾಟೆಯ ಹೊತ್ತಿಗೆ, ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಆಗ ಬಯಲಲ್ಲಿ ನಿಲ್ಲಿಸಿದರೆ ಎಲ್ಲರ ಕಣ್ಣಿನ ಗುಳಿ ಕಪ್ಪಾಗುತ್ತದೆ.

ದೇವಸ್ಥಾನದ ಪ್ರಾಂಗಣದಲ್ಲಿ ತೆಗೆಯುವ ಆಸೆ ಇದ್ದರೆ ಮೊದಲೇ ವಿಚಾರಿಸಿ. ನಂದಿಯ ಭೋಗನಂದೀಶ್ವರದಂಥ ಪುರಾತತ್ವ ಇಲಾಖೆಯ ಸಂರಕ್ಷಣೆಯಲ್ಲಿರುವ ಜಾಗದಲ್ಲಿ ಟ್ರೈಪಾಡ್ ಇಡಲು ಮುಂಚೆ ಅನುಮತಿ ಬೇಕು.

## 5. ಬೆಳಕು ಹಿಡಿತಕ್ಕೆ ತನ್ನಿ

ಈಗಿನ ವೇದಿಕೆಗಳಲ್ಲಿ ನೇರಳೆ, ಗುಲಾಬಿ, ನೀಲಿ ಲೈಟು ತಿರುಗುತ್ತಲೇ ಇರುತ್ತವೆ. ಒಂದೇ ಫೋಟೋದಲ್ಲಿ ಎಡಗಡೆಯವರು ನೀಲಿ, ಬಲಗಡೆಯವರು ಗುಲಾಬಿ. ಇದನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಲು ಬರುವುದಿಲ್ಲ. ಡೆಕೊರೇಷನ್ ಲೈಟಿನ ಹುಡುಗನನ್ನು ಹುಡುಕಿ, ಅವನ ಹೆಸರು ಕೇಳಿ, ಅರ್ಧ ಗಂಟೆ ಬಣ್ಣದ ಲೈಟು ಆರಿಸಿ ಬರೀ ಬಿಳಿ ಲೈಟು ಬಿಡಲು ಹೇಳಿ. ವಿಡಿಯೋದವರ ಲೈಟನ್ನು ಮಾತ್ರ ಆರಿಸಲು ಹೇಳಬೇಡಿ, ಅದು ನಿಮಗೂ ಸಹಾಯ.

ಫ್ಲ್ಯಾಶನ್ನು ಚಾವಣಿಗೆ ತಿರುಗಿಸಿ ಹೊಡೆಯಿರಿ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಮನೆಯೊಳಗೆ ಅದು ಸರಿ. ಛತ್ರದ ಚಾವಣಿ ಇಪ್ಪತ್ತು ಅಡಿ ಮೇಲಿರುತ್ತದೆ, ಇಲ್ಲವೇ ಬಣ್ಣದ ಬಟ್ಟೆ ಇಳಿಬಿಟ್ಟಿರುತ್ತಾರೆ. ಬೆಳಕು ವಾಪಸ್ ಬರುವುದೇ ಇಲ್ಲ, ಬಂದರೂ ಬಟ್ಟೆಯ ಬಣ್ಣ ಹೊತ್ತು ಬರುತ್ತದೆ. ಇಲ್ಲಿ ಫ್ಲ್ಯಾಶನ್ನು ಸ್ಟ್ಯಾಂಡಿಗೆ ಹಾಕಿ, ಬಿಳಿ ಕೊಡೆ ಸಿಕ್ಕಿಸಿ, ಕ್ಯಾಮೆರಾದ ಪಕ್ಕದಲ್ಲೇ ಏಳೆಂಟು ಅಡಿ ಎತ್ತರಕ್ಕೆ ಇಡಿ.

ಪಕ್ಕದಲ್ಲೇ ಯಾಕೆ? ಫ್ಲ್ಯಾಶ್ ಒಂದು ಬದಿಗೆ ಹೋದಷ್ಟೂ ಒಬ್ಬರ ನೆರಳು ಇನ್ನೊಬ್ಬರ ಮುಖದ ಮೇಲೆ ಬೀಳುತ್ತದೆ. ಇನ್ನೊಂದು ಕಾರಣ, ದೂರ. ಬೆಳಕು ದೂರದ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಬದಿಯಲ್ಲಿಟ್ಟ ಫ್ಲ್ಯಾಶಿನಿಂದ ಹತ್ತಿರದವರು ಆರು ಅಡಿ, ಕೊನೆಯವರು ಹದಿನೆಂಟು ಅಡಿ ದೂರ ಇದ್ದರೆ ಹತ್ತಿರದವರಿಗೆ ಒಂಬತ್ತು ಪಟ್ಟು ಬೆಳಕು ಬೀಳುತ್ತದೆ. ಒಬ್ಬರು ಸುಣ್ಣದಂತೆ ಬಿಳಿ, ಇನ್ನೊಬ್ಬರು ಕತ್ತಲು. ನಡುವಿನಲ್ಲಿ, ಕ್ಯಾಮೆರಾದಷ್ಟೇ ಹಿಂದೆ ಇಟ್ಟರೆ ಈ ವ್ಯತ್ಯಾಸ ಕಡಿಮೆಯಾಗುತ್ತದೆ. ವಯರ್ ಇದ್ದರೆ ಟೇಪು ಹಾಕಿ ನೆಲಕ್ಕೆ ಅಂಟಿಸಿ. ಮಕ್ಕಳು ಓಡುವ ಜಾಗ ಅದು.

ಬಾಸಿಂಗ, ಪೇಟ, ದಪ್ಪ ಹಾರ ಕೂಡ ಮುಖದ ಮೇಲೆ ನೆರಳು ಹಾಕುತ್ತವೆ. ಒಂದು ಟೆಸ್ಟ್ ಫೋಟೋ ತೆಗೆದು ವರನ ಕಣ್ಣು ಕಾಣುತ್ತಿದೆಯಾ ನೋಡಿ. ಕಾಣದಿದ್ದರೆ ಫ್ಲ್ಯಾಶನ್ನು ಒಂದು ಅಡಿ ಇಳಿಸಿ. ಕನ್ನಡಕದವರ ವಿಷಯದಲ್ಲಿ ಇದು ಉಲ್ಟಾ. ಫ್ಲ್ಯಾಶ್ ಕೆಳಗಿದ್ದಷ್ಟೂ ಗಾಜು ಹೊಳೆಯುತ್ತದೆ. ಅವರಿಗೆ ಗಲ್ಲ ತುಸು ಇಳಿಸಲು ಹೇಳಿದರೆ ಹೊಳಪು ಹೋಗುತ್ತದೆ.

## 6. ಕ್ಯಾಮೆರಾ ಸೆಟ್ಟಿಂಗ್

ಮ್ಯಾನುಯಲ್ ಮೋಡ್ ಇರಲಿ. ಒಮ್ಮೆ ಸರಿಮಾಡಿದರೆ ಹತ್ತೂ ಗುಂಪಿಗೆ ಒಂದೇ ಬೆಳಕು ಬರುತ್ತದೆ. ಆಟೋದಲ್ಲಿಟ್ಟರೆ ಬಿಳಿ ಪಂಚೆಯವರು ಜಾಸ್ತಿ ಇದ್ದ ಗುಂಪು ಕಪ್ಪಾಗಿ, ಗಾಢ ಬಣ್ಣದ ಸೀರೆಯವರ ಗುಂಪು ಬೆಳ್ಳಗಾಗಿ ಬರುತ್ತದೆ.

ಅಪರ್ಚರ್ (ಲೆನ್ಸಿನ ಕಿಂಡಿ; ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಚಿಕ್ಕದು, ಸ್ಪಷ್ಟವಾಗಿ ಕಾಣುವ ಆಳ ಹೆಚ್ಚು): ಎರಡು ಸಾಲಿಗೆ ಎಫ್ 5.6, ಮೂರು ಸಾಲಿಗೆ ಎಫ್ 8. ಹಿಂದಿನ ಸಾಲು ಮಸುಕಾಗಲು ಮುಖ್ಯ ಕಾರಣ ಇದೇ. 50 ಎಂಎಂ ಎಫ್ 1.8 ಲೆನ್ಸ್ ಕೊಂಡವರು ಅದನ್ನು 1.8ರಲ್ಲೇ ಬಿಟ್ಟಿರುತ್ತಾರೆ. ಕ್ರಾಪ್ ಕ್ಯಾಮೆರಾದಲ್ಲಿ ಐದು ಮೀಟರ್ ದೂರಕ್ಕೆ ಫೋಕಸ್ ಮಾಡಿದರೆ ಆ ಲೆನ್ಸಿನಲ್ಲಿ ಸ್ಪಷ್ಟವಾಗಿ ಕಾಣುವ ಆಳ ಸುಮಾರು 70 ಸೆಂಟಿಮೀಟರ್ ಮಾತ್ರ. ಕೂತವರಿಂದ ಮೂರನೇ ಸಾಲಿನವರೆಗೆ ನಾಲ್ಕಡಿ ದೂರ ಇರುತ್ತದೆ. ಹೇಗೆ ಸಾಕಾದೀತು? ಅದೇ ದೂರಕ್ಕೆ 35 ಎಂಎಂ, ಎಫ್ 5.6 ಇಟ್ಟರೆ ಮೂರೂವರೆ ಮೀಟರಿನಿಂದ ಎಂಟು ಮೀಟರ್ ದಾಟಿ ಎಲ್ಲ ಸ್ಪಷ್ಟ.

ಶಟರ್ (ಬೆಳಕು ಒಳಗೆ ಬಿಡುವ ಹೊತ್ತು): 1/100 ಸೆಕೆಂಡು. ನಮ್ಮ ಕರೆಂಟು 50 ಹರ್ಟ್ಸ್. ಅದರಿಂದ ಉರಿಯುವ ಎಷ್ಟೋ ಲೈಟುಗಳು ಸೆಕೆಂಡಿಗೆ ನೂರು ಸಲ ಮಿನುಗುತ್ತವೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ. 1/100 ಇಟ್ಟರೆ ಒಂದು ಪೂರ್ತಿ ಮಿನುಗು ಒಳಗೆ ಬರುತ್ತದೆ, ಫೋಟೋದಲ್ಲಿ ಅಡ್ಡ ಪಟ್ಟೆ ಬೀಳುವುದಿಲ್ಲ. ಹಿಂದೆ ಎಲ್‌ಇಡಿ ಪರದೆ ಇದ್ದರೆ ಒಂದು ಟೆಸ್ಟ್ ತೆಗೆದು ಪಟ್ಟೆ ಇದೆಯಾ ನೋಡಿ. ಇದ್ದರೆ ಶಟರ್ ಇನ್ನೂ ನಿಧಾನ ಮಾಡಿ, ಇಲ್ಲವೇ ಪರದೆ ಆರಿಸಲು ಹೇಳಿ. ಮಿರರ್‌ಲೆಸ್ ಕ್ಯಾಮೆರಾದವರು ಸೈಲೆಂಟ್ ಶಟರ್ ಆಫ್ ಮಾಡಿ, ಅದರಲ್ಲಿ ಪಟ್ಟೆ ಜಾಸ್ತಿ.

ಸೆನ್ಸರ್ ಬೆಳಕಿಗೆ ಎಷ್ಟು ಚುರುಕು ಅನ್ನುವ ಅಂಕಿ ಐಎಸ್‌ಒ 400ರಿಂದ ಶುರುಮಾಡಿ 1600ರವರೆಗೆ ಧೈರ್ಯವಾಗಿ ಹೋಗಿ. ಸ್ವಲ್ಪ ಕಾಳು ಕಾಳಾಗಿ ಬಂದರೂ ಪ್ರಿಂಟಿನಲ್ಲಿ ಗೊತ್ತಾಗುವುದಿಲ್ಲ. ಮಸುಕಾದ ಮುಖ ಮಾತ್ರ ಎದ್ದು ಕಾಣುತ್ತದೆ. ರಾ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲು) ಮತ್ತು ಜೆಪೆಗ್ ಎರಡೂ ಉಳಿಯುವಂತೆ ಇಡಿ.

ಫ್ಲ್ಯಾಶನ್ನೂ ಮ್ಯಾನುಯಲ್ಲಿಗೆ ಹಾಕಿ, 1/4 ಶಕ್ತಿಯಲ್ಲಿ ಶುರುಮಾಡಿ. ಫ್ಲ್ಯಾಶ್ ತಾನೇ ಶಕ್ತಿ ಲೆಕ್ಕ ಹಾಕುವ ಟಿಟಿಎಲ್‌ನಲ್ಲಿ ಮುಖ್ಯ ಬೆಳಕಿಗೆ ಮುಂಚೆ ಒಂದು ಸಣ್ಣ ಮಿಂಚು ಬರುತ್ತದೆ. ಕೆಲವರ ಕಣ್ಣು ಅದಕ್ಕೇ ಮುಚ್ಚಿಕೊಳ್ಳುತ್ತದೆ. ಪೂರ್ತಿ ಶಕ್ತಿಗೆ ಇಟ್ಟರೆ ಪ್ರತಿ ಕ್ಲಿಕ್ಕಿನ ನಂತರ ಫ್ಲ್ಯಾಶ್ ಮತ್ತೆ ತುಂಬಿಕೊಳ್ಳಲು ಕೆಲವು ಸೆಕೆಂಡು ಕಾಯಬೇಕು. ಆ ಕೆಲವು ಸೆಕೆಂಡಿನಲ್ಲಿ ನಗು ಹೋಗಿರುತ್ತದೆ.

ಫೋಕಸ್ ಪಾಯಿಂಟ್ ಒಂದೇ ಇರಲಿ. ಎರಡು ಸಾಲಿದ್ದರೆ ಮುಂದಿನ ಸಾಲಿನ ನಡುವಿನವರ ಕಣ್ಣಿಗೆ, ಮೂರು ಸಾಲಿದ್ದರೆ ನಡುಸಾಲಿಗೆ ಫೋಕಸ್ ಮಾಡಿ.

ಮೊಬೈಲ್ ಮಾತ್ರ ಇದೆಯಾ? ಆಗಲಿ. 0.5 ಅಂತ ತೋರಿಸುವ ಅಗಲದ ಲೆನ್ಸ್ ಬಳಸಬೇಡಿ. ಪೋರ್ಟ್ರೇಟ್ ಮೋಡ್ ಬೇಡ, ಅದು ಹಿಂದಿನ ಸಾಲನ್ನೇ ಮಸುಕು ಮಾಡುತ್ತದೆ. 1 ಅಥವಾ 2ರಲ್ಲಿಟ್ಟು, ಲೆನ್ಸ್ ಒರೆಸಿ, ಸ್ಟ್ಯಾಂಡಿಗೆ ಹಾಕಿ, ಹಗಲು ಬೆಳಕಿನ ನೆರಳಲ್ಲಿ ತೆಗೆಯಿರಿ. ಉಳಿದ ಎಲ್ಲ ಹಂತಗಳೂ ನಿಮಗೂ ಅವೇ.

## 7. ಜನರನ್ನು ನಿಲ್ಲಿಸುವುದು

ಇದಕ್ಕೆ ಅರ್ಧ ಸಮಯ ಕೊಡಿ.

ಕ್ರಮ ಹೀಗಿರಲಿ. ಮೊದಲು ದೊಡ್ಡ ಗುಂಪು, ಆಮೇಲೆ ಅದರಿಂದಲೇ ಜನರನ್ನು ಇಳಿಸುತ್ತಾ ಚಿಕ್ಕ ಗುಂಪು. ಚಿಕ್ಕದರಿಂದ ಶುರುಮಾಡಿದರೆ ದೊಡ್ಡದರ ಹೊತ್ತಿಗೆ ಮಕ್ಕಳು ಅಳುತ್ತಿರುತ್ತಾರೆ, ಗಂಡಸರು ಹೊರಗೆ ನಿಂತು ಮಾತಾಡುತ್ತಿರುತ್ತಾರೆ.

ನಡುವಿನಿಂದ ಕಟ್ಟಿ. ವಧೂವರರು ನಡುವೆ. ಅವರ ಎರಡೂ ಪಕ್ಕ ಅಪ್ಪ ಅಮ್ಮ. ಅಜ್ಜ ಅಜ್ಜಿಯರಿಗೆ ಮುಂದೆ ಕುರ್ಚಿ, ನಡುವಿಗೆ ಹತ್ತಿರವೇ. ಅವರನ್ನು ಅಂಚಿನ ಕುರ್ಚಿಗೆ ತಳ್ಳಬೇಡಿ. ಆಮೇಲೆ ಹಿಂದೆ ಎತ್ತರದವರು, ಕೊನೆಗೆ ಮುಂದೆ ನೆಲದಲ್ಲಿ ಮಕ್ಕಳು. ಮಕ್ಕಳನ್ನು ಮೊದಲು ಕೂರಿಸಿದರೆ ಎಲ್ಲ ಸರಿಹೋಗುವಷ್ಟರಲ್ಲಿ ಅವರು ಎದ್ದು ಹೋಗಿರುತ್ತಾರೆ. ಕೈಗೂಸನ್ನು ಅಮ್ಮನ ಕೈಗೆ ಕೊನೇ ಕ್ಷಣದಲ್ಲಿ ಕೊಡಿಸಿ.

ಒಂದು ವಿಷಯವನ್ನು ನಾನು ಒತ್ತಿ ಹೇಳುತ್ತೇನೆ. ಗಂಡನನ್ನು ಕಳೆದುಕೊಂಡ ತಾಯಿ, ಅಜ್ಜಿ, ಸೋದರತ್ತೆ ಎಷ್ಟೋ ಮದುವೆಗಳಲ್ಲಿ ತಾವೇ ಕಂಬದ ಹತ್ತಿರ ಸರಿದು ನಿಲ್ಲುತ್ತಾರೆ. ಯಾರೂ ಕರೆಯುವುದಿಲ್ಲ. ಗುಂಪು ಜೋಡಿಸುವ ಅಧಿಕಾರ ಆ ಐದು ನಿಮಿಷ ನಿಮ್ಮ ಕೈಯಲ್ಲಿರುತ್ತದೆ. "ಅಮ್ಮಾ, ನೀವು ಮಗಳ ಪಕ್ಕ ಬನ್ನಿ, ಇಲ್ಲಿ ಜಾಗ ಇಟ್ಟಿದೀನಿ" ಅಂತ ಎಲ್ಲರೆದುರು ಸಹಜವಾಗಿ ಕರೆಯಿರಿ. ಫೋಟೋಗ್ರಾಫರ್ ಕರೆದರೆ ಯಾರೂ ಬೇಡ ಅನ್ನುವುದಿಲ್ಲ. ವಧುವಿಗೆ ಮುಂದೆ ಬೇಕಾಗುವುದು ಆ ಫೋಟೋನೇ.

ನಿಲ್ಲಿಸುವಾಗ ಎಲ್ಲರಿಗೂ ಹೇಳಬೇಕಾದ ಮಾತು ಎರಡೇ. ಒಂದು, ನಡುವಿನ ಕಡೆಗೆ ಸ್ವಲ್ಪ ಓರೆಯಾಗಿ ನಿಲ್ಲಿ. ಇನ್ನೊಂದು, ಇಬ್ಬರ ಸಂದಿಯಿಂದ ಕ್ಯಾಮೆರಾ ನೋಡಿ. "ನಿಮಗೆ ಕ್ಯಾಮೆರಾ ಕಾಣದಿದ್ದರೆ ಕ್ಯಾಮೆರಾಗೆ ನೀವೂ ಕಾಣಲ್ಲ" ಅಂತ ಗಟ್ಟಿಯಾಗಿ ಹೇಳಿ. ಹಿಂದಿನ ಸಾಲು ತಾನಾಗಿಯೇ ಸರಿಹೋಗುತ್ತದೆ.

ಎಡಕ್ಕೆ, ಬಲಕ್ಕೆ ಅನ್ನಬೇಡಿ. ನಿಮ್ಮ ಎಡ ಅವರ ಬಲ, ಜನ ಗೊಂದಲಕ್ಕೆ ಬೀಳುತ್ತಾರೆ. "ಮಾವ, ವಾಲಗದವರ ಕಡೆ ಒಂಚೂರು", "ಅಕ್ಕ, ಬಾಗಿಲ ಕಡೆ ಒಂದು ಹೆಜ್ಜೆ" ಅನ್ನಿ. ಹೆಸರು ಗೊತ್ತಿಲ್ಲದಿದ್ದರೆ ಬಟ್ಟೆ ನೋಡಿ ಕರೆಯಿರಿ: "ಹಸಿರು ಸೀರೆ ದೊಡ್ಡಮ್ಮ, ಸ್ವಲ್ಪ ಮುಂದೆ ಬನ್ನಿ." ದಪ್ಪ ಇದ್ದಾರೆ, ಕುಳ್ಳಗಿದ್ದಾರೆ ಅನ್ನುವ ಮಾತು ಬಾಯಿಂದ ಬರಬಾರದು. ಎತ್ತರದವರನ್ನೇ ಹಿಂದಕ್ಕೆ ಕರೆದರೆ ಆ ಮಾತಿನ ಅವಶ್ಯಕತೆ ಬೀಳುವುದಿಲ್ಲ.

ಸಾಲು ನೇರ ಕಂಬಿಯಂತೆ ಬೇಡ. ಎರಡೂ ತುದಿಯವರು ಅರ್ಧ ಹೆಜ್ಜೆ ಮುಂದೆ ಬಂದು ಸಾಲು ಸ್ವಲ್ಪ ಬಾಗಿದರೆ ಎಲ್ಲರೂ ಕ್ಯಾಮೆರಾದಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುತ್ತಾರೆ, ಒತ್ತಾಗಿಯೂ ಕಾಣುತ್ತಾರೆ. ಇಬ್ಬರ ನಡುವೆ ಗೇಣು ಸಂದಿ ಕಂಡರೆ ಸೇರಿಸಿ. ಕಣ್ಣಿಗೆ ಸಣ್ಣದಾಗಿ ಕಂಡ ಸಂದಿ ಫೋಟೋದಲ್ಲಿ ಜಗಳ ಆಡಿದವರಂತೆ ಕಾಣುತ್ತದೆ.

ಈಗ ಕ್ಯಾಮೆರಾ ಬಿಟ್ಟು ಒಮ್ಮೆ ಮುಂದೆ ಹೋಗಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಬರೀ ಕಣ್ಣಲ್ಲಿ ನೋಡಿ. ಸೆರಗಿನ ಪಿನ್ನು ಬಿಟ್ಟಿದೆಯಾ? ಶರ್ಟಿನ ಜೇಬಿನಿಂದ ಮೊಬೈಲ್ ಇಣುಕುತ್ತಿದೆಯಾ? ಕೈಯಲ್ಲಿ ನೀರಿನ ಬಾಟಲಿ, ಭುಜಕ್ಕೆ ಹ್ಯಾಂಡ್‌ಬ್ಯಾಗು, ತಲೆಯಲ್ಲಿ ಅಕ್ಷತೆ ಕಾಳು? ವರನ ಹಣೆಯಲ್ಲಿ ಬೆವರು? ಟಿಶ್ಯೂ ಕೊಡಿ. ವಧುವಿನ ಸರ ಒಂದು ಪಕ್ಕಕ್ಕೆ ತಿರುಗಿದ್ದರೆ ಅವಳ ಅಕ್ಕನಿಗೆ ಹೇಳಿ ಸರಿಮಾಡಿಸಿ, ನೀವು ಕೈಹಾಕಬೇಡಿ.

## 8. ಕ್ಲಿಕ್ ಮಾಡುವುದು

ಕ್ಯಾಮೆರಾ ಟ್ರೈಪಾಡಿನ ಮೇಲಿರಲಿ. ಒಂದೇ ಗುಂಪಿನ ಎಲ್ಲ ಫೋಟೋಗಳೂ ಒಂದರ ಮೇಲೊಂದು ಕೂತರೆ, ಒಬ್ಬರ ಕಣ್ಣು ಮುಚ್ಚಿದ್ದರೂ ಇನ್ನೊಂದು ಫೋಟೋದಿಂದ ಅವರ ಮುಖ ತಂದು ಸೇರಿಸಬಹುದು. ಗಿಂಪ್‌ನಂಥ ಉಚಿತ ಸಾಫ್ಟ್‌ವೇರಿನಲ್ಲೂ ಇದು ಸಾಧ್ಯ.

ಎಷ್ಟು ತೆಗೆಯಬೇಕು? ಆಸ್ಟ್ರೇಲಿಯಾದ ನಿಕ್ ಸ್ವೆನ್ಸನ್ ಮತ್ತು ಪಿಯರ್ಸ್ ಬಾರ್ನ್ಸ್ ಇದನ್ನೇ ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ (ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ) ಬಹುಮಾನ ಪಡೆದರು. ಅವರ ಸರಳ ಸೂತ್ರ ಇಪ್ಪತ್ತಕ್ಕಿಂತ ಕಡಿಮೆ ಜನರ ಗುಂಪಿಗೆ. ಬೆಳಕು ಚೆನ್ನಾಗಿದ್ದರೆ ಜನರ ಸಂಖ್ಯೆಯನ್ನು ಮೂರರಿಂದ ಭಾಗಿಸಿ, ಬೆಳಕು ಕಡಿಮೆ ಇದ್ದರೆ ಎರಡರಿಂದ. ಹದಿನೆಂಟು ಜನಕ್ಕೆ ಒಳ್ಳೆ ಬೆಳಕಲ್ಲಿ ಆರು, ಕಡಿಮೆ ಬೆಳಕಲ್ಲಿ ಒಂಬತ್ತು. ಹೊಸಬರು ಎರಡು ತೆಗೆದು ಥ್ಯಾಂಕ್ಸ್ ಹೇಳಿ ಕಳಿಸಿಬಿಡುತ್ತಾರೆ. ಕಣ್ಣು ಮುಚ್ಚಿದ ಫೋಟೋಗಳು ಹುಟ್ಟುವುದೇ ಅಲ್ಲಿ.

ಮೊದಲ ಕ್ಲಿಕ್ಕಿಗೆ ಮುಂಚೆ ಹೇಳಿ: "ಎರಡು ನಿಮಿಷ ಎಲ್ಲರೂ ಈ ಕ್ಯಾಮೆರಾನೇ ನೋಡಿ. ಮೊಬೈಲಿನವರಿಗೆ ಆಮೇಲೆ ಟೈಮ್ ಕೊಡ್ತೀನಿ." ಕೊಟ್ಟ ಮಾತು ಉಳಿಸಿಕೊಳ್ಳಿ, ನಿಜವಾಗಿ ಟೈಮ್ ಕೊಡಿ. ಆಗ ಮುಂದಿನ ಗುಂಪಿನವರೂ ನಿಮ್ಮ ಮಾತು ಕೇಳುತ್ತಾರೆ.

ಆಮೇಲೆ "ಎಲ್ಲರೂ ಕಣ್ಣು ಮುಚ್ಚಿ. ಮೂರು ಅಂದಾಗ ತೆಗೀರಿ. ಒಂದು, ಎರಡು, ಮೂರು." ಮೂರು ಅಂದ ಕೂಡಲೇ ಒತ್ತಬೇಡಿ, ಅರೆಕ್ಷಣ ಬಿಟ್ಟು ಒತ್ತಿ. ಉಳಿದವನ್ನು ಎಣಿಸದೆ ತೆಗೆಯಿರಿ. ಮೊದಲೆರಡು ಫೋಟೋದಲ್ಲಿ ಎಲ್ಲರೂ ಬಿಗಿಯಾಗಿರುತ್ತಾರೆ. "ಆಯ್ತು, ಚೆನ್ನಾಗಿ ಬಂತು" ಅಂತ ಹೇಳಿ, ಉಸಿರು ಬಿಟ್ಟು ಅವರು ನಕ್ಕಾಗ ಇನ್ನೂ ಎರಡು ತೆಗೆಯಿರಿ. ಬಹಳ ಸಲ ಪ್ರಿಂಟಿಗೆ ಹೋಗುವುದು ಅದೇ.

## 9. ಗುಂಪನ್ನು ಕಳಿಸುವ ಮುಂಚೆ ಹತ್ತು ಸೆಕೆಂಡು

ಕೊನೆಯ ಫೋಟೋವನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿ. ಎಲ್ಲರ ಮುಖವನ್ನೂ ನೋಡಲು ಹೊತ್ತಿಲ್ಲ. ನಾಲ್ಕೇ ಜಾಗ ನೋಡಿ: ನಡುವೆ ವಧೂವರರ ಕಣ್ಣು, ಹಿಂದಿನ ಸಾಲಿನ ಎರಡು ತುದಿ, ಮುಂದೆ ಕೂತ ಹಿರಿಯರು.

ಅಪಾಯದ ಸೂಚನೆಗಳು ಇವು. ಹಿಂದಿನ ಸಾಲಿನ ರೆಪ್ಪೆ ಬಿಡಿಬಿಡಿಯಾಗಿ ಕಾಣುತ್ತಿಲ್ಲ ಅಂದರೆ ಎಫ್ ಅಂಕಿ ಸಾಲದು, ಹೆಚ್ಚಿಸಿ. ಎಲ್ಲರೂ ಒಂದೇ ಸಮ ಅದುರಿದ್ದರೆ ಟ್ರೈಪಾಡ್ ಅಲುಗಾಡಿದೆ. ಒಬ್ಬರು ಮಾತ್ರ ಮಸುಕಾಗಿದ್ದರೆ ಅವರು ತಿರುಗಿದ್ದಾರೆ, ಇನ್ನೊಂದು ತೆಗೆಯಿರಿ. ಫೋಟೋದ ಕೆಳಗಿನ ಅಥವಾ ಮೇಲಿನ ಭಾಗ ಕಪ್ಪು ಪಟ್ಟಿಯಾಗಿದ್ದರೆ ಶಟರ್ ಫ್ಲ್ಯಾಶಿಗೆ ಹೊಂದುವ ವೇಗದ ಮಿತಿ ದಾಟಿದೆ. ಹೆಚ್ಚಿನ ಕ್ಯಾಮೆರಾಗಳಲ್ಲಿ ಆ ಮಿತಿ 1/160ರಿಂದ 1/250ರ ಒಳಗಿದೆ. ಕೈತಪ್ಪಿ ಡಯಲ್ ತಿರುಗಿರುತ್ತದೆ, 1/100ಕ್ಕೆ ವಾಪಸ್ ತನ್ನಿ. ಜರಿ ಅಂಚು, ಬಿಳಿ ಪಂಚೆ ಬರೀ ಬಿಳಿ ಹಾಳೆಯಂತಿದ್ದರೆ ಫ್ಲ್ಯಾಶಿನ ಶಕ್ತಿ ಅರ್ಧಕ್ಕೆ ಇಳಿಸಿ.

ಕೆಟ್ಟ ಫೋಟೋವನ್ನು ವೇದಿಕೆಯಲ್ಲೇ ಅಳಿಸಲು ಹೋಗಬೇಡಿ. ಅವಸರದಲ್ಲಿ ಒಳ್ಳೆಯದು ಹೋಗುತ್ತದೆ. ಹಾಗೆ ಹೋದರೆ ಆ ಕಾರ್ಡನ್ನು ತಕ್ಷಣ ಹೊರಗೆ ತೆಗೆದು ಬೇರೆ ಕಾರ್ಡ್ ಹಾಕಿ. ಮೇಲೆ ಹೊಸ ಫೋಟೋ ಬೀಳದಿದ್ದರೆ ರಿಕವರಿ ಸಾಫ್ಟ್‌ವೇರಿನಲ್ಲಿ ಸಿಗುವ ಸಾಧ್ಯತೆ ಚೆನ್ನಾಗಿದೆ.

ಪಟ್ಟಿಯಲ್ಲಿ ಆ ಗುಂಪಿಗೆ ಟಿಕ್ ಹಾಕಿಸಿ, ಆಮೇಲೆ ಮುಂದಿನವರನ್ನು ಕರೆಸಿ.

## 10. ಆ ರಾತ್ರಿ ಮತ್ತು ಪ್ರಿಂಟು

ಮಲಗುವ ಮುಂಚೆ ಕಾರ್ಡಿನಿಂದ ಎರಡು ಬೇರೆ ಬೇರೆ ಕಡೆ ಕಾಪಿ ಮಾಡಿ, ಲ್ಯಾಪ್‌ಟಾಪ್ ಒಂದು, ಹೊರಗಿನ ಹಾರ್ಡ್ ಡಿಸ್ಕ್ ಇನ್ನೊಂದು. ಎರಡರಲ್ಲೂ ನಾಲ್ಕೈದು ಫೋಟೋ ತೆರೆದು ನೋಡಿ. ಆಲ್ಬಂ ಕೈಗೆ ಬರುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.

ಮನೆಯವರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ. ಸುಮ್ನೆ ಫೋಟೋ ಅಂತ ಕಳಿಸಿದರೆ ಅದು ಕುಗ್ಗುತ್ತದೆ, ಯಾರೋ ಅದನ್ನೇ ಒಯ್ದು ದೊಡ್ಡ ಪ್ರಿಂಟ್ ಹಾಕಿಸುತ್ತಾರೆ, ಮುಖಗಳೆಲ್ಲ ಒಡೆದುಹೋಗುತ್ತವೆ.

ಪ್ರಿಂಟ್ ಅಳತೆ ಹೇಳುವಾಗ ಜೋಪಾನ. ಕ್ಯಾಮೆರಾದ ಫೋಟೋ 3:2 ಅಳತೆಯದು, 8×12 ಇಂಚಿಗೆ ಸರಿಯಾಗಿ ಕೂರುತ್ತದೆ. 8×10 ಹಾಕಿಸಿದರೆ ಅಗಲದಲ್ಲಿ ಆರನೇ ಒಂದು ಭಾಗ ಕತ್ತರಿಸಿಹೋಗುತ್ತದೆ, ಎರಡೂ ತುದಿಯಲ್ಲಿ ನಿಂತವರ ತೋಳು ಮಾಯ. ನಾಲ್ಕನೇ ಹಂತದಲ್ಲಿ ಪಕ್ಕದಲ್ಲಿ ಖಾಲಿ ಬಿಡಿ ಅಂದದ್ದು ಇದಕ್ಕೇ. 24 ಮೆಗಾಪಿಕ್ಸೆಲ್ ಫೋಟೋ 12×18 ಇಂಚಿಗೂ ಧಾರಾಳವಾಗಿ ಸಾಲುತ್ತದೆ.

12×36 ಆಲ್ಬಂನಲ್ಲಿ ಗುಂಪು ಫೋಟೋವನ್ನು ಎರಡೂ ಪುಟಕ್ಕೆ ಹರಡಿದರೆ ಮಡಿಕೆ ನಡುವೆ ಬರುತ್ತದೆ. ನಡುವೆ ನಿಂತಿರುವುದು ವಧೂವರರು. ಡಿಸೈನ್ ಮಾಡುವವರಿಗೆ ಮೊದಲೇ ಹೇಳಿ, ಗುಂಪು ಫೋಟೋಗಳು ಒಂದು ಪುಟದ ಒಳಗೇ ಇರಲಿ ಅಥವಾ ಮಡಿಕೆ ಇಬ್ಬರ ಸಂದಿಯಲ್ಲಿ ಬೀಳುವಂತೆ ಸರಿಸಲಿ. ಪ್ರಿಂಟಿಗೆ ಹೋಗುವ ಮುಂಚಿನ ಡಿಸೈನನ್ನು ಮನೆಯ ಹಿರಿಯರೊಬ್ಬರಿಗೆ ತೋರಿಸಿ. ಯಾರು ಬಿಟ್ಟುಹೋಗಿದ್ದಾರೆ, ಯಾರ ಫೋಟೋ ಎರಡು ಸಲ ಬಂದಿದೆ ಅಂತ ಅವರು ನಿಮಗಿಂತ ಬೇಗ ಹೇಳುತ್ತಾರೆ.